ಇಡ್ಲಿ ಪಾತ್ರೆಯಲ್ಲಿ ಬೆಂದ ಮೋಟಾರುಗಳು

ಆ ವರ್ಷದ ಪ್ರವಾಹದಲ್ಲಿ ಅಡ್ಯಾರ್ ನದಿಯ ದಂಡೆಯ ನಮ್ಮ ಬೀದಿಗೆ ನೀರು ಎಷ್ಟು ಎತ್ತರ ಬಂದಿತ್ತು ಎಂಬ ಬಗ್ಗೆ ಚೆನ್ನೈಯಲ್ಲಿ ಇಂದಿಗೂ ಒಮ್ಮತವಿಲ್ಲ. ನೀರು ಇಳಿದ ವಾರದಲ್ಲಿ ಮೊಣಕಾಲನ್ನು ತೋರಿಸಿದವರು ಮರುವರ್ಷ ಸೊಂಟವನ್ನು ತೋರಿಸಿದರು; ಈಗ ಅದೇ ಮಹನೀಯರು ಕುತ್ತಿಗೆಯನ್ನು ಮುಟ್ಟಿಕೊಳ್ಳುತ್ತಾರೆ. ಯಾರು ಏನೇ ಹೇಳಿದರೂ ಸ್ವತಃ ನೋಡದೆ ನಂಬಬಾರದೆಂಬುದು ನನ್ನ ಹಳೆಯ ಹಟ. ಆದ್ದರಿಂದ ನೀರು ಇಳಿದ ಮೂರನೆಯ ದಿನವೇ ಅಳತೆಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಗೋಡೆಗಳ ಮೇಲೆ ಉಳಿದಿದ್ದ ಕೆಸರಿನ ಗೆರೆಯನ್ನು ಅಳೆದು ಬರೆದಿಟ್ಟುಕೊಂಡೆ. ಅದಕ್ಕಾಗಿ ಧಾರಾಳವಾಗಿ ಬೈಸಿಕೊಂಡೆ. ಅಕ್ಕಿಯ ಮೂಟೆ ಕೊಳೆತು ಕಣ್ಣೀರು ಹಾಕುತ್ತಿರುವ ಮನೆಗೆ ಅಳತೆಪಟ್ಟಿಯೊಂದಿಗೆ ನುಗ್ಗುವವನನ್ನು ಬೈಯದೆ ಮತ್ತೇನು ಮಾಡುತ್ತಾರೆ?

ಪ್ರವಾಹ, ಭೂಕಂಪ, ಚಂಡಮಾರುತಗಳ ಬಳಿಕ ಮಹಿಳೆಯರಿಗೆ ಕೌಶಲ ಕಲಿಸುವ ಕೇಂದ್ರಗಳಿಗೆ ಈಗ ಎಷ್ಟೋ ಕಿರಿಯರು ತರಬೇತುದಾರರಾಗಿ ಸೇರುತ್ತಿದ್ದಾರೆ. ಅವರ ಕೈಯಲ್ಲಿ ದಪ್ಪನೆಯ ಕೈಪಿಡಿ ಇರುತ್ತದೆ. ಆ ಕೈಪಿಡಿ ಬರೆದವರಲ್ಲಿ ಕೆಲವರನ್ನು ನಾನು ಬಲ್ಲೆ. ಆದಕಾರಣವೇ ಇದನ್ನು ಬರೆಯುವ ಅಗತ್ಯ ಬಿದ್ದಿತು.

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಕುಂದಾಪುರದ ಕಡೆಯಿಂದ ಬಂದು ಮೈಲಾಪೂರಿನ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಇಡ್ಲಿ ಬೇಯಿಸಿದೆ. ಒಂದು ದಿನ ಹಿಟ್ಟು ರುಬ್ಬುವ ಗ್ರೈಂಡರು ನಿಂತುಹೋಗಿ, ಮೆಕ್ಯಾನಿಕ್ಕು ಬಾರದೆ ಇದ್ದಾಗ, ತಿರುಪು ಬಿಚ್ಚಿ ಒಳಗೆ ನೋಡಿದೆ. ನೋಡಿದ್ದು ಅರ್ಥವಾಗಲಿಲ್ಲ ಎಂಬ ಸಿಟ್ಟಿಗೆ, ಹಳೆಯ ಪುಸ್ತಕದ ಅಂಗಡಿಗಳಲ್ಲಿ ಯಂತ್ರಗಳ ಕೈಹೊತ್ತಗೆಗಳನ್ನು ಹುಡುಕಿ, ಒಂದು ಕೈಯಲ್ಲಿ ನಿಘಂಟು ಹಿಡಿದು ಓದಿದೆ. ಕ್ರಮೇಣ ಇಡ್ಲಿ ಬಿಟ್ಟು ಮೋಟಾರಿನ ಕೆಲಸಕ್ಕೇ ಇಳಿದೆ. ಪ್ರವಾಹದ ಬಳಿಕ ನಮ್ಮ ಬೀದಿಯಲ್ಲಿ ಒಂದು ಸೇವಾಸಂಸ್ಥೆ ಮಹಿಳೆಯರ ತರಬೇತಿ ಕೇಂದ್ರ ತೆರೆದಾಗ, ಅಲ್ಲಿಗೆ ದಾನವಾಗಿ ಬಂದ ನಲವತ್ತು ಹೊಲಿಗೆ ಯಂತ್ರಗಳನ್ನು ಸುಸ್ಥಿತಿಯಲ್ಲಿಡಲು ನನ್ನನ್ನು ಕರೆದರು.

ನಲವತ್ತು ಹೊಲಿಗೆ ಯಂತ್ರಗಳು ಏಕೆ ಬಂದವು? ಮಹಿಳೆಯರೇ ಕೇಳಿದರು ಎಂದು ಸಂಸ್ಥೆಯ ಕಡತ ಹೇಳುತ್ತದೆ. ನಾನು ಆ ಸಮೀಕ್ಷೆಯ ನಮೂನೆಯನ್ನು ತರಿಸಿ ನೋಡಿದೆ. "ನೀವು ಏನನ್ನು ಕಲಿಯಬಯಸುತ್ತೀರಿ?" ಎಂಬ ಪ್ರಶ್ನೆಯ ಕೆಳಗೆ ಮೂರೇ ಚೌಕಗಳಿದ್ದವು: ಹೊಲಿಗೆ, ಕಸೂತಿ, ಮೇಣದಬತ್ತಿ. ಮೇ ತಿಂಗಳ ಚೆನ್ನೈಯಲ್ಲಿ ಮೇಣದಬತ್ತಿಯ ಗತಿಯೇನಾಗುತ್ತದೆಂದು ಬಲ್ಲ ಹೆಂಗಸರು ಹೊಲಿಗೆಗೆ ಗುರುತು ಹಾಕಿದ್ದರು. ಒಂದು ನಮೂನೆಯಲ್ಲಿ ಮಾತ್ರ ಮೂರೂ ಚೌಕಗಳನ್ನು ಬಿಟ್ಟು, ಬದಿಯಲ್ಲಿ ಪೆನ್ಸಿಲಿನಿಂದ "ನನ್ನ ಮಿಕ್ಸಿ ಓಡಬೇಕು" ಎಂದು ತಮಿಳಿನಲ್ಲಿ ಬರೆದಿತ್ತು. ಕಡತದಲ್ಲಿ ಅದನ್ನು "ಉತ್ತರವಿಲ್ಲ" ಎಂದು ಸೇರಿಸಲಾಗಿತ್ತು.

ಹಾಗೆ ಬರೆದವಳು ಮಲ್ಲಿಕಾ. ಹೊಸೂರು ಕಡೆಯ ಕನ್ನಡದ ಮನೆಯವಳು. ಮದುವೆಯಾಗಿ ನಮ್ಮ ಬೀದಿಗೆ ಬಂದವಳು. ಮೈಲಾಪೂರಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಂಡನ ಆಟೋ ನೀರಿನಲ್ಲಿ ಮುಳುಗಿ ಎಂಜಿನ್ ಹಾಳಾಗಿತ್ತು. ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿದ್ದರು. ಹೊಲಿಗೆ ತರಗತಿಯ ಮೊದಲ ವಾರದಲ್ಲೇ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಮಾಸ್ಟ್ರೇ, ಈ ಬೀದೀಲಿ ಈಗ್ಲೇ ಒಂಬತ್ತು ಟೈಲರ್ ಅಂಗಡಿ ಐತೆ. ನಾವು ನಲವತ್ತು ಜನ ಹೊಲಿಯಾಕೆ ಕೂತ್ರೆ ತೊಡೋರು ಯಾರು? ನಾವು ಹೊಲಿದಿದ್ದು ನಾವೇ ಒಂದರ ಮೇಲೊಂದು ಹಾಕ್ಕೊಂಡು ತಿರುಗಬೇಕಾ?"

"ಅದನ್ನು ಮೇಡಮ್ಮಿಗೆ ಹೇಳಮ್ಮ."

"ಹೇಳ್ದೆ. ಕಾನ್ಫಿಡೆನ್ಸ್ ಬೇಕು ಅಂದ್ರು. ನಂಗೆ ಕಾನ್ಫಿಡೆನ್ಸ್ ಜಾಸ್ತಿ ಐತೆ ಮಾಸ್ಟ್ರೇ, ಮಿಕ್ಸಿನೇ ಓಡಲ್ಲ."

ಅವಳ ಮಿಕ್ಸಿಯನ್ನು ಬಿಚ್ಚಿ ತೋರಿಸಿದೆ. ಅವಳು ಮರುದಿನ ಪಕ್ಕದ ಮನೆಯದನ್ನು ತಂದು ತಾನೇ ಬಿಚ್ಚಿದಳು. ಆ ಬೇಸಗೆಯಲ್ಲಿ ನಮ್ಮ ಬೀದಿಯಲ್ಲಿ ಕೆಡದ ಮಿಕ್ಸಿಯೇ ಇರಲಿಲ್ಲ. ಪ್ರವಾಹದ ನೀರು ಕುಡಿದ ಮೋಟಾರುಗಳು ಒಣಗಿದಂತೆ ನಟಿಸಿ, ಕೆಲವು ತಿಂಗಳು ತಿರುಗಿ, ಬಳಿಕ ಹೊಗೆ ಬಿಟ್ಟು ಸಾಯುತ್ತಿದ್ದವು. ತಿಂಗಳೆರಡರಲ್ಲಿ ನನ್ನ ಮೇಜಿನ ಸುತ್ತ ಎಂಟು ಮಿಕ್ಸಿಗಳೂ ಮೂರು ಗ್ರೈಂಡರುಗಳೂ ಕುಳಿತವು. ಮಲ್ಲಿಕಾ ನಾಲ್ಕೂ ಮನೆಗಳ ಪಾತ್ರೆ ಕೆಲಸವನ್ನು ಬಿಟ್ಟಳು. ಈ ಕೆಲಸದಲ್ಲಿ ನಿಂತರೆ ನಿಂತಳು, ಇಲ್ಲವಾದರೆ ಮತ್ತೆ ಪರರ ಪಾತ್ರೆಯೇ ಗತಿ ಎಂದು ಅವಳಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

ಇಲ್ಲಿ ನಮ್ಮ ಮೇಲಧಿಕಾರಿಯ ಪರಿಚಯ ಮಾಡಿಕೊಡಬೇಕು. ಕೇಂದ್ರದ ನಿರ್ದೇಶಕಿ ವಸಂತಾ ಮೇಡಂ, ಮೈಸೂರಿನಿಂದ ಬಂದು ನೆಲೆಸಿದ ವಿಮಾ ಕಚೇರಿಯ ಅಧಿಕಾರಿಯೊಬ್ಬರ ಮಗಳು. ಒಳ್ಳೆಯವರು, ಆದರೆ ಅನುದಾನ ಬಂದಿದ್ದುದು ಹೊಲಿಗೆಗೆ, ಆದ್ದರಿಂದ ಅವರ ಕಣ್ಣಿಗೆ ಹೊಲಿಗೆಯಲ್ಲದ್ದು ಕಾಣುತ್ತಿರಲಿಲ್ಲ. ನನ್ನ ಮೇಜಿನ ಬಳಿ ಬಂದಾಗ ಅವರು ಛಾವಣಿಯ ಫ್ಯಾನನ್ನು ನೋಡುತ್ತ ದಾಟಿಹೋಗುತ್ತಿದ್ದರು. ಅನುದಾನ ಕೊಟ್ಟ ಸಂಸ್ಥೆಯ ಇಬ್ಬರು ಪರಿಶೀಲನೆಗೆ ಬರುವರೆಂಬ ಸುದ್ದಿ ಬಂದ ದಿನ, ಹಾಗೆಯೇ ಫ್ಯಾನನ್ನು ನೋಡುತ್ತ, "ನಾಳೆ ಇವೆಲ್ಲ ಕಾಣಬಾರದು ಕಣ್ರೀ" ಎಂದರು.

ಮೂರು ಗ್ರೈಂಡರುಗಳನ್ನು ಎಲ್ಲಿ ಅಡಗಿಸುವುದು? ಮಲ್ಲಿಕಾ ತರಗತಿಯಲ್ಲಿ ಹೊಲಿದಿದ್ದ ಒಳಲಂಗಗಳನ್ನು ತಂದು ಅವುಗಳ ಸೊಂಟಕ್ಕೆ ಲಾಡಿ ಬಿಗಿದು, ಮೇಲೆ ರವಿಕೆಗಳನ್ನು ಹೊದಿಸಿದಳು. ಬಂದವರಲ್ಲಿ ಹಿರಿಯರಾದವರು ಅವುಗಳ ಮುಂದೆ ನಿಂತು, ಏನಿದು ಎಂದು ಕೇಳಿದರು.

"ಅಳತೆ ಬೊಂಬೆ ಸಾರ್" ಎಂದಳು ಮಲ್ಲಿಕಾ. "ಸ್ವಲ್ಪ ದಪ್ಪ ಸೈಜು."

ಅವರು ಮೆಚ್ಚಿ ಒಂದರ ಬೆನ್ನು ತಟ್ಟಿದರು. ಒಳಗಿನ ಕಲ್ಲು ಅವರ ಕೈಗೆ ತಾಗಿರಬೇಕು. ಮುಖ ಕಿವುಚಿಕೊಂಡೇ ಅವುಗಳ ಚಿತ್ರ ತೆಗೆಸಿದರು. ಮುದ್ರಿತ ವರದಿಯಲ್ಲಿ ಆ ಚಿತ್ರದ ಕೆಳಗೆ "ಸ್ಥೂಲಕಾಯದ ಮಹಿಳೆಯರಿಗೂ ಉಡುಪು ಸಿದ್ಧಪಡಿಸುವ ವಿಶೇಷ ತರಬೇತಿ" ಎಂದಿದೆ. ವರದಿಗಳನ್ನು ಓದುವಾಗ ಲಂಗವನ್ನು ಎತ್ತಿ ನೋಡುವ ಧೈರ್ಯ ನಿಮಗಿರಬೇಕು ಎಂದು ನಾನು ಕಿರಿಯರಿಗೆ ಹೇಳುವುದು ಇದಕ್ಕೇ.

ಆದರೆ ವರದಿ ಕೈಗೆ ಬಂದಾಗ ಮೇಡಂ ಫ್ಯಾನನ್ನು ನೋಡಲಿಲ್ಲ, ನಮ್ಮಿಬ್ಬರನ್ನೇ ನೋಡಿದರು.

"ಇದೇ ಲಾಸ್ಟ್. ಇನ್ನೊಂದು ಸಲ ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ. ಈ ತಿಂಗಳ ಕೊನೇ ಒಳಗೆ ಈ ರಿಪೇರಿಗೆ ಒಬ್ಬ ಖಾಯಂ ಗಿರಾಕಿ ತೋರಿಸಿ, ನಾನೇ ಮೇಲಿನವರ ಹತ್ರ ವಾದ ಮಾಡ್ತೀನಿ. ಇಲ್ಲಾಂದ್ರೆ ಮೇಜು ಹೊರಗೆ. ಮಲ್ಲಿಕಾ ಹೊಲಿಗೆಗೆ ಬರಲಿ, ಇಲ್ಲ ಸೀಟು ಬೇರೆಯವರಿಗೆ ಬಿಡಲಿ."

ಇಂಥ ಗಿರಾಕಿಯನ್ನು ಹುಡುಕಿಕೊಂಡು ನಾನು ಹೋದದ್ದು ಪದ್ಮನಾಭ ರಾಯರ ಬಳಿಗೆ. ನಾನು ಇಡ್ಲಿ ಬೇಯಿಸಿದ ಹೋಟೆಲಿನ ಮಾಲೀಕರ ಮಗ. ಈಗ ಮೂರು ಹೋಟೆಲುಗಳ ಒಡೆಯರು. ನದಿಯ ಬಳಿಯ ಅವರ ಹೋಟೆಲಿನಲ್ಲಿ ಎರಡು ದೊಡ್ಡ ಗ್ರೈಂಡರುಗಳು ಪ್ರವಾಹದಲ್ಲಿ ಮುಳುಗಿ, ಒಣಗಿ, ತಿರುಗಿ, ಆ ವಾರವಷ್ಟೇ ಸುಟ್ಟುಹೋಗಿದ್ದವು.

"ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅಕ್ಕಿ ನೆನೆದು ತಯಾರಿರ್ತದೆ" ಎಂದರು ರಾಯರು. "ಅಷ್ಟರೊಳಗೆ ಎರಡೂ ತಿರುಗಿದರೆ ಮೂರೂ ಹೋಟೆಲಿನ ಯಂತ್ರದ ಕೆಲಸ ನಿಮಗೇ. ಆದರೆ ಒಂದು ಮಾತುಂಟು ಮಾರಾಯ. ಹೆಂಗಸರು ಮೋಟಾರನ್ನು ಹೊರಗೆ ಎಂತ ಬೇಕಾದ್ರೂ ಮಾಡ್ಲಿ. ಒಳಗೆ ಬಂದು ಕೂರಿಸುವವ ನೀನೇ. ನಮ್ಮ ಅಡುಗೆಮನೆಯ ಪದ್ಧತಿ ನಿಂಗೆ ಗೊತ್ತುಂಟಲ್ಲ?"

ಗೊತ್ತಿಲ್ಲದೆ ಏನು? ಮನೆಯಲ್ಲಿ ಹೆಂಗಸು ಅಡುಗೆಮನೆಯಿಂದ ಹೊರಗೆ ಬರಕೂಡದು, ಹೋಟೆಲಿನಲ್ಲಿ ಒಳಗೆ ಹೋಗಕೂಡದು ಎಂಬ ಈ ವಿಚಿತ್ರ ನಿಯಮವನ್ನು ನಾನೂ ಇಪ್ಪತ್ತೆರಡು ವರ್ಷ ಪ್ರಶ್ನಿಸದೆ ಪಾಲಿಸಿದ್ದೆ. ಎಲ್ಲವನ್ನೂ ಸಂಶಯಿಸುವ ನನಗೆ ಅದೊಂದು ಮಾತ್ರ ಹೊಳೆದಿರಲಿಲ್ಲ.

ಈಗ ನಮ್ಮ ಕೆಲಸದ ಕ್ರಮವನ್ನು ಹೇಳಬೇಕು. ಸುಟ್ಟ ಮೋಟಾರಿನ ಹಳೆಯ ತಂತಿಯನ್ನು ಕಿತ್ತು ಹೊಸ ತಾಮ್ರದ ತಂತಿಯನ್ನು ಲೆಕ್ಕವಿಟ್ಟು ಸುತ್ತಬೇಕು. ಸುತ್ತಿದ್ದನ್ನು ವಾರ್ನಿಷ್‌ನಲ್ಲಿ ಅದ್ದಿ, ದ್ರವ ಸೋರಿ ವಾಸನೆ ಹೋಗುವವರೆಗೆ ಬಯಲಲ್ಲಿಟ್ಟು, ಕೊನೆಗೆ ಹದವಾದ ಒಣ ಶಾಖದಲ್ಲಿ ಗಟ್ಟಿಗೊಳಿಸಬೇಕು. ಇದಕ್ಕೆ ವಿಶೇಷ ಒಲೆ ಬೇಕೆಂದು ಪುಸ್ತಕಗಳು ಹೇಳುತ್ತವೆ, ನಮ್ಮಲ್ಲಿ ಇರಲಿಲ್ಲ. ಮಲ್ಲಿಕಾ ಪ್ಯಾರೀಸ್ ಕಾರ್ನರಿನ ಗುಜರಿಯಿಂದ ಹೋಟೆಲಿನ ದೊಡ್ಡ ಇಡ್ಲಿ ಪಾತ್ರೆಯೊಂದನ್ನು ತಂದಳು. ತಳದಲ್ಲಿ ಮರಳು ಹರಡಿ, ಮೇಲೆ ತೂತಿನ ತಟ್ಟೆಯಿಟ್ಟು, ಅದರ ಮೇಲೆ ಮೋಟಾರು ಕೂರಿಸಿ, ಮುಚ್ಚಳವನ್ನು ಓರೆಯಾಗಿಟ್ಟು, ಮಾಳಿಗೆಯ ಮೇಲೆ ಕರೆಂಟಿನ ಒಲೆಯಲ್ಲಿ ಸಣ್ಣಗೆ ಕಾಯಿಸಿದಳು. ಓವನ್ನಿಲ್ಲದ ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಮಾಡುವ ಉಪಾಯವಂತೆ ಅದು. ಇದು ಶಾಸ್ತ್ರೀಯವಲ್ಲ ಎಂದು ನಾನು ಮೂರು ದಿನ ವಾದಿಸಿದೆ. ನಾಲ್ಕನೆಯ ದಿನ, ಬಂದವರಿಗೆಲ್ಲ ಅದು ನನ್ನ ಉಪಾಯವೆಂದು ವಿವರಿಸತೊಡಗಿದೆ.

ಮಂಗಳವಾರ ಬೆಳಿಗ್ಗೆ ರಾಯರ ಎರಡು ಮೋಟಾರುಗಳೂ ಕೊನೆಯ ಶಾಖಕ್ಕೆ ಸಿದ್ಧವಾಗಿದ್ದವು. ಮಲ್ಲಿಕಾ ಅವನ್ನು ಪಾತ್ರೆಯಲ್ಲಿಟ್ಟು, "ಮಾಸ್ಟ್ರೇ, ಒಲೆ ಹಾಕಿ ನೋಡ್ಕೊತಾ ಇರಿ. ಮಕ್ಕಳಿಗೆ ತಿಂಡಿ ಕೊಟ್ಟು ಸೀಕ್ರಂ ಬರ್ತೀನಿ" ಎಂದು ಹೋದಳು.

ನಾನು ಒಲೆ ಹಾಕಿದೆ. ಪತ್ರಿಕೆ ಬಿಡಿಸಿದೆ. ಅಂದಿನ ಸಂಪಾದಕೀಯದಲ್ಲಿ ಎರಡು ತಪ್ಪು ಕಂಡವು. ಅವುಗಳನ್ನು ಗುರುತು ಹಾಕುತ್ತಿದ್ದೆ. ಅಷ್ಟರಲ್ಲಿ ಮೂಗಿಗೆ ಕಾದ ಪಾತ್ರೆಯ ವಾಸನೆ ಬಂತು. ಒಲೆಯ ಮೇಲೆ ಇಡ್ಲಿ ಪಾತ್ರೆ ನೀರಿಲ್ಲದೆ ಕಾಯುತ್ತಿದೆ! ನಮ್ಮ ಅಡುಗೆಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ತಲೆ ಸಂಪಾದಕೀಯದಲ್ಲೇ ಇತ್ತು. ಕೈ ಎದ್ದು ಹೋಗಿ, ಮುಚ್ಚಳ ಸರಿಸಿ, ಎರಡು ಚೊಂಬು ನೀರು ಹೊಯ್ದು, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ ಬಂತು. ಆವಿ ಬಂದೊಡನೆ ಗಡಿಯಾರ ನೋಡಿದೆ. ಹನ್ನೆರಡು ನಿಮಿಷಕ್ಕೆ ಸರಿಯಾಗಿ ಒಲೆ ಆರಿಸಿದೆ. ಚುಚ್ಚಿ ನೋಡಲು ಕಡ್ಡಿ ಹುಡುಕುವಾಗ ನನಗೆ ಪ್ರಜ್ಞೆ ಮರಳಿತು.

ವಾರ್ನಿಷ್ ಹಾಲಿನಂತೆ ಬೆಳ್ಳಗಾಗಿ ಉಬ್ಬಿತ್ತು. ಸತ್ಯವನ್ನು ಹೇಳುತ್ತೇನೆ: ಎರಡೂ ಚೆನ್ನಾಗಿ ಬೆಂದಿದ್ದವು.

ಮಲ್ಲಿಕಾ ಬಂದಾಗ, ವಾರ್ನಿಷ್‌ನಲ್ಲಿ ಕಲಬೆರಕೆಯಿದೆ ಎಂದು ಗಂಭೀರವಾಗಿ ಹೇಳಿದೆ. ಅವಳು ಆ ಕ್ಷಣವೇ ಪ್ಯಾರೀಸ್ ಕಾರ್ನರಿನ ವಾರ್ನಿಷ್ ಅಂಗಡಿಯವನಿಗೆ ಫೋನು ಮಾಡಿ, ಅವನ ಮೂರು ತಲೆಮಾರನ್ನು ಬೈದಳು. ಅವನು ತಾಯಿಯ ಮೇಲೆ ಆಣೆ ಹಾಕಿದ. ಆಮೇಲೆ ಅವಳು ತಟ್ಟೆಯನ್ನು ಎತ್ತಿದಳು.

"ಮಾಸ್ಟ್ರೇ, ಮರಳು ಯಾಕೆ ಒದ್ದೆ ಐತೆ?"

"ಮಳೆ ಬಂದಿರಬಹುದು."

"ಮೇ ತಿಂಗಳ ಕತ್ತರಿ ಬಿಸಿಲಲ್ಲಿ ಮಳೆನಾ? ಯಾವ ಊರಲ್ಲಿ?" ಅವಳು ಚೊಂಬನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚೊಂಬನ್ನು ನೋಡಿದಳು. "ಐಯೋ ಕಡವುಳೇ! ಚಟ್ನಿನೂ ಮಾಡಿದ್ದೀರಾ?"

ಬಹಳ ಹೊತ್ತು ನಕ್ಕಳು. ನಗು ನಿಂತ ಮೇಲೆ ಮಾಳಿಗೆಯ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ್ದು ಬೆವರನ್ನಷ್ಟೇ ಅಲ್ಲವೆಂದು ನನಗೆ ಕಂಡಿತು.

"ನಾಲ್ಕನೇ ಮನೆಯಮ್ಮ ನಿನ್ನೆ ಕೂಗಿ ಕೇಳಿದ್ರು, ಪಾತ್ರೆಗೆ ಬರ್ತೀಯಾ ಅಂತ. ಬರಲ್ಲ ಅಂದ್ಬಿಟ್ಟೆ ಮಾಸ್ಟ್ರೇ. ದೊಡ್ಡದಾಗಿ ಅಂದ್ಬಿಟ್ಟೆ."

ಊರಿನವರ ಮಾತನ್ನೆಲ್ಲ ಅಳತೆಪಟ್ಟಿ ಹಿಡಿದು ಪರೀಕ್ಷಿಸಿದವನು ನಾನು; ನನ್ನದೇ ಸರದಿ ಬಂದಾಗ ಹೇಳಿದ ಮೊದಲ ಮಾತೇ ಸುಳ್ಳಾಗಿತ್ತು.

ಮಧ್ಯಾಹ್ನದೊಳಗೆ ಬೆಂದ ತಂತಿಯನ್ನೆಲ್ಲ ಕಿತ್ತೆವು. ಬುಧವಾರ ಮಲ್ಲಿಕಾ ಹೊಲಿಗೆ ತರಗತಿಯಿಂದ ಇಬ್ಬರು ಗೆಳತಿಯರನ್ನು ಕರೆತಂದು ಹೊಸ ತಂತಿ ಸುತ್ತಲು ಕುಳಿತಳು. ಸುತ್ತು ಎಣಿಸುವಾಗ ಯಾರೂ ಮಾತನಾಡಕೂಡದೆಂಬುದು ನನ್ನ ನಿಯಮವಾಗಿತ್ತು. ಒಬ್ಬರು ಕೆಮ್ಮಿದರೂ ನನಗೆ ಲೆಕ್ಕ ತಪ್ಪುತ್ತಿತ್ತು. ಈ ಮೂವರು ಹತ್ತು ಸುತ್ತಿಗೊಂದು ಹುಣಿಸೆಬೀಜವನ್ನು ಬಟ್ಟಲಿಗೆ ಹಾಕುತ್ತ, ಬೀದಿಯ ಸಕಲ ಸಂಸಾರಗಳನ್ನೂ ಬಿಚ್ಚಿ ಸುತ್ತಿದರು. ಮುಗಿದ ಮೇಲೆ ಬೀಜಗಳನ್ನು ನಾನು ಎರಡು ಸಲ ಎಣಿಸಿದೆ. ಒಂದು ಬೀಜವೂ ಹೆಚ್ಚುಕಡಿಮೆಯಿರಲಿಲ್ಲ.

ಅದೇ ಹೊತ್ತಿಗೆ ರಾಯರ ಹೋಟೆಲಿನ ಮುಖ್ಯ ಅಡುಗೆಯವರು, ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದು, ಕಿತ್ತುಹಾಕಿದ ಹೊಸ ತಂತಿಯ ರಾಶಿಯನ್ನು ಕಂಡು, ತುಟಿ ಬಿಗಿದು ಹೊರಟುಹೋದರು. ಅವರು ಒಡೆಯರಿಗೆ ಏನು ಹೇಳುವರೆಂದು ಊಹಿಸಲು ಪುಸ್ತಕ ಬೇಕಾಗಿರಲಿಲ್ಲ. ಸಂಜೆ ವಾರ್ನಿಷ್ ಆಯಿತು. ಗುರುವಾರವಿಡೀ ಕತ್ತರಿ ಬಿಸಿಲು ತನ್ನ ಕೆಲಸ ಮಾಡಿತು. ಶುಕ್ರವಾರ ಬೆಳಿಗ್ಗೆ ಮಲ್ಲಿಕಾ ಇಡ್ಲಿ ಪಾತ್ರೆಯ ಮುಂದೆ ತಾನೇ ಕುಳಿತಳು. ನನ್ನನ್ನು ಮಾಳಿಗೆಯ ಮೆಟ್ಟಿಲಿನಿಂದ ಮೇಲೆ ಬರಗೊಡಲಿಲ್ಲ.

ಒಂದೂವರೆಗೆ ಹೋಟೆಲಿನ ಹಿಂಬಾಗಿಲಿಗೆ ಆಟೋದಲ್ಲಿ ಮೋಟಾರುಗಳನ್ನು ಇಳಿಸಿದೆವು. ರಾಯರು ಬಾಗಿಲಿನಲ್ಲೇ ನಿಂತಿದ್ದರು. ಹಿಂದೆ ಅಡುಗೆಯವರ ಸಾಲು.

"ಎಂತದು ಮಾರಾಯ, ಹೆಂಗಸರು ಒಮ್ಮೆ ಪೂರಾ ಹಾಳು ಮಾಡಿ ಹಾಕಿದ್ರಂತೆ?"

ನಾನು ಬಾಯಿ ತೆರೆಯುವ ಮೊದಲೇ ಮಲ್ಲಿಕಾ ಹೇಳಿದಳು: "ಹಾಳಾಗಿತ್ತು ಸಾಮಿ. ಬಿಸಿಗೆ ಇಟ್ಟಾಗ ನೀರು ಬಿದ್ದಿತ್ತು. ಕಿತ್ತು ಹೊಸದಾಗಿ ಸುತ್ತಿದೀವಿ."

"ನೀರು ತಾನಾಗಿ ಬೀಳ್ತದಾ? ಹಾಕಿದ್ದು ಯಾರು?"

"ಅದು ಬೇಡ ಸಾಮಿ. ಈಗ ಸರಿಯಾಗಿ ಐತೆ."

"ಬೇಡ ಅಂದ್ರೆ ಹೇಗೆ? ಮೋಟಾರಿಗೆ ನೀರು ಹಾಕುವವರ ಕೈಗೆ ಮೂರು ಹೋಟೆಲಿನ ಯಂತ್ರ ಕೊಡುವುದುಂಟಾ? ಇಲ್ಲಮ್ಮ, ಆಗುವುದಿಲ್ಲ."

ಅವಳು ನನ್ನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಹೇಳಲಿಲ್ಲ. ಹೆಂಗಸರು ಹಾಳು ಮಾಡಿದರು ಎಂಬ ಕಥೆ ಆ ಬಾಗಿಲಿನಲ್ಲಿ ಆಗಲೇ ನಿಜವಾಗಿ ಕುಳಿತುಬಿಟ್ಟಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅದು ಇಂದಿಗೂ ಹಾಗೆಯೇ ಇರುತ್ತಿತ್ತು, ನನ್ನ ಮರ್ಯಾದೆಯೂ ಹಾಗೆಯೇ ಇರುತ್ತಿತ್ತು.

"ನಾನು ಹಾಕಿದ್ದು" ಎಂದೆ. "ಇಡ್ಲಿ ಪಾತ್ರೆ ಖಾಲಿ ಕಾಯುತ್ತಿತ್ತು. ಎರಡು ಚೊಂಬು ನೀರು ಹೊಯ್ದು ಹನ್ನೆರಡು ನಿಮಿಷ ಬೇಯಿಸಿದೆ."

ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ರಾಯರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹನ್ನೆರಡೇ ನಿಮಿಷವಾ?"

"ಆವಿ ಬಂದ ಮೇಲೆ."

"ಹ್ಞಾಂ. ಅಪ್ಪಯ್ಯ ಕಲಿಸಿದ್ದು ಮರೀಲಿಲ್ಲ ನೀನು." ಅವರ ಹೊಟ್ಟೆ ಕುಲುಕಿತು. ಆಮೇಲೆ ಗಂಭೀರರಾದರು. "ಮತ್ತೆ ಸುತ್ತಿದ್ದು?"

"ಮಲ್ಲಿಕಾ ಮತ್ತು ಗೆಳತಿಯರು. ನಾನು ಹುಣಿಸೆಬೀಜ ಎಣಿಸಿದ್ದು ಮಾತ್ರ."

ಒಳಗೆ ನೆನೆದ ಅಕ್ಕಿ ಕಾಯುತ್ತಿತ್ತು. ರಾಯರು ಒಮ್ಮೆ ಅಡುಗೆಮನೆಯನ್ನು, ಒಮ್ಮೆ ಗಡಿಯಾರವನ್ನು ನೋಡಿ, ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ನೀನು ಒಳಗೆ ಹೋಗಿ ಎಂತದನ್ನೂ ಮುಟ್ಟಬೇಡ ಮಾರಾಯ. ಮತ್ತೆ ಯಾವುದನ್ನು ಬೇಯಿಸ್ತೀಯೋ! ಅವಳೇ ಬಂದು ಕೂರಿಸಲಿ. ಚಪ್ಪಲಿ ಅಲ್ಲಿ ಬಿಡಮ್ಮ."

ಮಲ್ಲಿಕಾ ಒಳಗೆ ಹೋದಳು. ಮುಖ್ಯ ಅಡುಗೆಯವರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಇಂಥ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಓಡಾಡಿದ ನಾನು ಆ ಹೊಸ್ತಿಲಿನ ಹೊರಗೆ, ಅವಳ ಚಪ್ಪಲಿಯ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಮೊದಲ ಗ್ರೈಂಡರು ಒಂದು ಸಲ ಗೊರಕೆ ಹೊಡೆದು, ತಿರುಗಿತು. ಎರಡನೆಯದು ಗೊರಕೆಯನ್ನೂ ಹೊಡೆಯಲಿಲ್ಲ. ರಾಯರು ಅರ್ಧ ಗಂಟೆ ಬಿಟ್ಟು ಮೋಟಾರಿನ ಮೈಮೇಲೆ ಕೈಯಿಟ್ಟು ನೋಡಿದರು. ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. ಹೊರಗೆ ಬಂದು ನನಗೆ ಹೇಳಿದರು:

"ಸರಿ, ಕೆಲಸ ನಿಂಗೆ. ಅವಳು ನಿನ್ನ ಸಹಾಯಕ್ಕೆ ಇರಲಿ."

ಒಳಗಿನಿಂದ ಮಲ್ಲಿಕಾಳ ದನಿ ಬಂತು: "ತಿರುಗಿಸಿ ಹೇಳಿ ಸಾಮಿ. ಕೆಲಸ ನಂಗೆ. ಮಾಸ್ಟ್ರು ಸಹಾಯಕ್ಕೆ ಇರ್ಲಿ."

ರಾಯರು ನನ್ನನ್ನು ನೋಡಿದರು. ಈ ಸಲ ವಾದಿಸದೆ, ಆಗಲಿ ಎಂದು ತಲೆಯಾಡಿಸಿದೆ.

ಮೇಡಂ ಮಾತಿಗೆ ತಪ್ಪಲಿಲ್ಲ. ಮೇಲಿನವರೊಂದಿಗೆ ವಾದಿಸಿ ಮೇಜನ್ನು ಉಳಿಸಿದರು. ಆ ಮೇಜಿನಿಂದ ಈಗಾಗಲೇ ಎಷ್ಟೋ ಹೆಂಗಸರು ಎದ್ದು ಹೋಗಿ ತಮ್ಮ ತಮ್ಮ ಬೀದಿಗಳಲ್ಲಿ ಕುಳಿತಿದ್ದಾರೆ. ಬೆಳಿಗ್ಗೆ ಕೇಂದ್ರದಲ್ಲಿ ಅವರಿಗೆಲ್ಲ ನಾನು ಮಾಸ್ಟರಾಗಿದ್ದೆ. ಮಧ್ಯಾಹ್ನ ಮೂರು ಹೋಟೆಲುಗಳಲ್ಲಿ ಮಲ್ಲಿಕಾಳ ಚೀಲ ಹೊರುವವನಾಗಿದ್ದೆ. ಎರಡರಲ್ಲಿ ಯಾವುದರಿಂದ ಹೆಚ್ಚು ಕಲಿತೆ ಎಂದು ಕಿರಿಯರು ಕೇಳಬಾರದು.

ವಯಸ್ಸಾಯಿತೆಂದು ಕೇಂದ್ರದ ಕೆಲಸದಿಂದ ನನ್ನನ್ನು ಶಾಲು ಹೊದಿಸಿ ಬೀಳ್ಕೊಟ್ಟರು. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ನಿಜವಾದ ನಿವೃತ್ತಿ ಅದಾದ ಮೂರು ತಿಂಗಳಿಗೆ, ರಾಯರ ಅಡುಗೆಮನೆಯಲ್ಲಿ ಆಯಿತು. ನಾನು ಹಿಡಿದಿದ್ದ ಟಾರ್ಚಿನ ಬೆಳಕು ಮೋಟಾರಿನ ಮೇಲೆ ನಿಲ್ಲದೆ ಅಲುಗುತ್ತಿತ್ತು. ಮಲ್ಲಿಕಾ ಕೆಳಗೆ ಮಲಗಿದ್ದವಳು ತಿರುಪು ಬಿಗಿಯುವುದನ್ನು ನಿಲ್ಲಿಸಿ, ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಯಲ್ಲಿ ಕಚ್ಚಿ ಹಿಡಿದು, ಕೆಲಸ ಮುಗಿಸಿ ಎದ್ದಳು.

"ಮಾಸ್ಟ್ರೇ, ಕೈ ನಡುಗ್ತೈತೆ. ನಾಳೆಯಿಂದ ಕೆಲಸಕ್ಕೆ ಬರ್ಬೇಡಿ."

"ಸರಿ."

"ಮೂರು ಗಂಟೆ ಕಾಪಿಗೆ ಮಾತ್ರ ಬಂದುಬಿಡಿ. ತಪ್ಪಿಸ್ಬಾರ್ದು."

ನಾಳೆ ಮೂರಕ್ಕೆ ಹೋಗಬೇಕು. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ.